ಚಿನ್ನದ ಬಣ್ಣದ ಟ್ಯಾಗು

ಹಲ್ಲುಜ್ಜುವ ಬ್ರಶ್ಶು ಇನ್ನೂ ಬಾಯಲ್ಲೇ ಇತ್ತು. ನಮ್ಮವರು ಬಾತ್‌ರೂಮಿನ ಬಾಗಿಲಲ್ಲಿ ಮೊಬೈಲು ಹಿಡಿದು ನಿಂತಿದ್ದರು, ನೊರೆ ಗಲ್ಲದಿಂದ ಬನಿಯನ್ನಿಗೆ ಇಳಿಯುತ್ತಿತ್ತು.

"ಮುಗೀತು ಕಣೇ," ಅಂದರು.

ಇವರ ಕೆಲಸ ಹೋಯಿತೋ, ಯಾರಾದರೂ ತೀರಿಕೊಂಡರೋ ಎಂದು ಏನೇನೋ ಯೋಚನೆ ಬಂತು.

"ಏನ್ರೀ ಮುಗೀತು? ಉಗಿದು ಬಂದು ಸರಿಯಾಗಿ ಹೇಳ್ರೀ!"

"ಗೋಲ್ಡು," ಅಂದರು.

ಅಯ್ಯೋ ಇವರ! ಇಷ್ಟಕ್ಕೆ ನನ್ನ ಜೀವ ಹಾರಿಸಿದರಲ್ಲ ಎಂದು ಮೈಯೆಲ್ಲ ಉರಿಯಿತು.

ನಮ್ಮವರ ಕೆಲಸ ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡುವುದು. ಯಂತ್ರ ಕೆಟ್ಟ ಊರಿಗೆ ಹಾರಬೇಕು, ಯಾವುದೋ ನೆಲಮಾಳಿಗೆಯಲ್ಲಿ ಅದರ ಹೊಟ್ಟೆ ಬಿಚ್ಚಿ ಕೂರಬೇಕು, ಮತ್ತೆ ಹಾರಿ ಬರಬೇಕು. ವರ್ಷಗಟ್ಟಲೆ ಒಂದೇ ಕಂಪನಿಯ ವಿಮಾನ ಹತ್ತಿದ್ದಕ್ಕೆ ಆ ಕಂಪನಿಯವರು ಗೋಲ್ಡ್ ಕಾರ್ಡು ಕೊಟ್ಟಿದ್ದರು. ಕಾರ್ಡಿದ್ದರೆ ಬೇರೆ ಸಾಲು, ಏರ್‌ಪೋರ್ಟಿನ ಲೌಂಜಿನಲ್ಲಿ ಮೆತ್ತನೆ ಕುರ್ಚಿ, ಪುಕ್ಕಟೆ ತಿಂಡಿ, ಬ್ಯಾಗಿಗೆ ಕಟ್ಟಿಕೊಳ್ಳಲು ಥಳಥಳ ಹೊಳೆಯುವ ಒಂದು ಟ್ಯಾಗು. ಆ ಟ್ಯಾಗನ್ನು ಈ ಮನುಷ್ಯ ತರಕಾರಿ ಚೀಲಕ್ಕೂ ಕಟ್ಟಿಕೊಂಡು ಹೋದವರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ನಾನು ಛೇಡಿಸಿದರೆ ನಗುತ್ತಿದ್ದರು, ಬಿಚ್ಚುತ್ತಿರಲಿಲ್ಲ.

ಈಗ ಕಂಪನಿ ನಿಯಮ ಬದಲಾಯಿಸಿ ಇ-ಮೇಲ್ ಕಳಿಸಿತ್ತು. ಇಷ್ಟು ದಿನ ಎಷ್ಟು ಸಲ ಹಾರಿದಿರಿ ಎಂದು ನೋಡುತ್ತಿದ್ದವರು ಇನ್ನು ಟಿಕೆಟ್ಟಿಗೆ ಎಷ್ಟು ದುಡ್ಡು ಸುರಿದಿರಿ ಎಂದು ನೋಡುತ್ತಾರಂತೆ. ಇವರ ಆಫೀಸಿನವರೋ, ಎಲ್ಲಕ್ಕಿಂತ ಅಗ್ಗದ ಟಿಕೆಟ್ಟು ಹುಡುಕಿ ಕೊಡುವವರು. ಹಾಗಾಗಿ ಗೋಲ್ಡು ಕೈತಪ್ಪಿದಂತೆಯೇ. ಕೆಳಗೆ ಇನ್ನೊಂದು ಸಾಲಿತ್ತು: ಮುಂದಿನ ತಿಂಗಳಿಂದ, ಹಾರಿ ಹಾರಿ ಕೂಡಿಟ್ಟ ಪಾಯಿಂಟು ಕೊಟ್ಟು ಪಡೆಯುವ ಟಿಕೆಟ್ಟಿಗೆ ಈಗಿನ ಎರಡರಷ್ಟು ಪಾಯಿಂಟು ಬೇಕು.

ಅದನ್ನು ಓದಿದಾಗ ನನಗೂ ನಗು ನಿಂತುಹೋಯಿತು. ನನಗೊಬ್ಬಳು ಅಕ್ಕ ಇದ್ದಾಳೆ, ಸಮುದ್ರ ದಾಟಿ ಎಷ್ಟೋ ದೂರದಲ್ಲಿ. ಅವಳ ಕಣ್ಣು ಹೋಗುತ್ತಿದೆ. ನೋಟದ ನಡುಭಾಗ ಮೊದಲು ಅಳಿಸಿಹೋಗುವ ಕಾಯಿಲೆ. ಒಂದು ಕಣ್ಣು ಆಗಲೇ ಹಾಗಾಗಿದೆ, ಇನ್ನೊಂದು ಚಳಿಗಾಲದವರೆಗೆ ಇದ್ದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. "ಒಂದ್ಸಲ ಬಂದು ಹೋಗೇ ಪುಟ್ಟಿ, ನಿನ್ನ ಮುಖ ನೋಡ್ಕೋತೀನಿ," ಎಂದು ಫೋನಿನಲ್ಲಿ ಅನ್ನುತ್ತಿದ್ದಳು. ದುಡ್ಡು ಕೊಟ್ಟು ಹೋಗೋಣವೆಂದರೆ ಅಷ್ಟು ದೂರದ ಟಿಕೆಟ್ಟು ನಮ್ಮ ಕೈಗೆ ಎಟುಕುವಂಥದ್ದಲ್ಲ. ಪಾಯಿಂಟು ಇತ್ತು. ಆದರೆ ನಮ್ಮವರದು ಒಂದೇ ಹಟ: "ಸ್ವಲ್ಪ ತಡಿ. ಇನ್ನೊಂದಿಷ್ಟು ಸೇರಿದ್ರೆ ಇಬ್ಬರೂ ಮಲಗ್ಕೊಂಡು ಹೋಗೋ ಸೀಟಲ್ಲಿ ಹೋಗ್ಬಹುದು. ನಿನ್ನನ್ನ ಮೊದಲನೇ ಸಲ ಕರ್ಕೊಂಡು ಹೋಗ್ತಿರೋದು, ರಾಣಿ ಥರ ಕರ್ಕೊಂಡು ಹೋಗ್ತೀನಿ." ರಾಣಿಯಾಗುವ ಆಸೆ ನನಗೇನೂ ಇರಲಿಲ್ಲ.

ಭಾನುವಾರ ನಮ್ಮವರ ಗೆಳೆಯ ಕಮಾಂಡರ್ ಮನೆಗೆ ಬಂದರು. ಅವರು ಸೈನ್ಯದವರಲ್ಲ, ಬಾತ್‌ರೂಮಿನ ನಲ್ಲಿ ಮಾರುವವರು. ವಿಮಾನದ ವಿಷಯ ಬಂದರೆ ಎಲ್ಲವೂ ತಮ್ಮ ಅಪ್ಪನ ಮನೆಯದು ಎನ್ನುವಂತೆ ಮಾತಾಡುತ್ತಾರೆಂದು ನಾನೇ ಆ ಹೆಸರಿಟ್ಟದ್ದು. ಅವರಿಗೂ ಗೋಲ್ಡು, ಅವರಿಗೂ ಅದೇ ಇ-ಮೇಲ್ ಬಂದಿತ್ತು. ಗೋಲ್ಡಿನವರದೇ ಒಂದು ವಾಟ್ಸಾಪ್ ಗುಂಪಿದೆ, ಅಲ್ಲಿ ಬೆಂಕಿ ಬಿದ್ದಿತ್ತಂತೆ. ಕೆಲವರು ಕಂಪನಿಗೆ ಬೈದು ಬರೆದರಂತೆ, ಕೆಲವರು ಬೇರೆ ಕಂಪನಿಗೆ ಹಾರಿದರಂತೆ, ಒಬ್ಬರು ಊಟವನ್ನೇ ಬಿಟ್ಟರಂತೆ.

"ನಾನು ಸುಮ್ನೆ ಕೂರಲಿಲ್ಲ ಅತ್ತಿಗೆ," ಎಂದರು ಕಮಾಂಡರ್. "ಹಳೇ ಲೆಕ್ಕ ಮುಗಿಯೋದ್ರೊಳಗೆ ಟ್ರಿಪ್ಪು ತುಂಬಿಸ್ಬೇಕಲ್ಲ? ನಿನ್ನೆ ಬೆಳಗ್ಗೆ ಹೋದೆ, ಅದೇ ವಿಮಾನದಲ್ಲಿ ವಾಪಸ್ ಬಂದೆ."

"ಹೋಗಿ ಏನ್ ನೋಡಿದ್ರಿ?"

"ಬಾತ್‌ರೂಮು," ಅಂದರು ಗಂಭೀರವಾಗಿ. "ನಲ್ಲಿ ನಮ್ಮ ಕಂಪನಿದಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ಅವರಿಬ್ಬರೂ ನಗಲಿಲ್ಲ. ಆಗ ನನಗೆ ಕುತೂಹಲ ಹುಟ್ಟಿತು. ಒಂದು ಪ್ಲಾಸ್ಟಿಕ್ ಕಾರ್ಡಿಗಾಗಿ ಬುದ್ಧಿಯಿರುವ ಗಂಡಸರು ಹೀಗೆ ಆಡುವುದೇಕೆ? ಅದರಲ್ಲಿ ಇವರಿಗೆ ಸಿಗುತ್ತಿದ್ದುದಾದರೂ ಏನು? ಪುಕ್ಕಟೆ ಬಿಸ್ಕತ್ತೇ?

ನನಗೂ ಇಂಥದ್ದರ ರುಚಿ ಸ್ವಲ್ಪ ಗೊತ್ತು. ನನ್ನದು ಹೊಲಿಗೆ ಅಂಗಡಿ, ಬಟ್ಟೆಯ ಉದ್ದ ಕಡಿಮೆ ಮಾಡುವುದು, ಸೊಂಟ ಸಡಿಲಿಸುವುದು, ಜಿಪ್ಪು ಹಾಕುವುದು. ಹತ್ತು ಸಲ ಕೆಲಸ ಕೊಟ್ಟವರಿಗೆ ಹನ್ನೊಂದನೆಯದು ಪುಕ್ಕಟೆ ಎಂದು ಕಾರ್ಡು ಮಾಡಿಸಿ ಪ್ರತಿ ಸಲ ಒಂದು ತೂತು ಹೊಡೆದು ಕೊಡುತ್ತಿದ್ದೆ. ಒಮ್ಮೆ ಹತ್ತನ್ನು ಹದಿನೈದು ಮಾಡಿದೆ. ಬ್ಯಾಂಕಿನ ಕ್ಯಾಷಿಯರಮ್ಮ ಒಂಬತ್ತು ತೂತು ಬಿದ್ದ ಕಾರ್ಡನ್ನು ಕೌಂಟರಿನ ಮೇಲೆ ಎಸೆದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಒಂದು ಪ್ಯಾಂಟಿನ ಅಂಚಿಗೆ ಅಷ್ಟು ಕೋಪವೇ ಎಂದು ಆಗ ಬೈದುಕೊಂಡಿದ್ದೆ. ಕೋಪ ಪ್ಯಾಂಟಿಗಲ್ಲ, ನಾನು ಮಾತು ತಪ್ಪಿದೆನೆಂದು ಎನ್ನುವುದು ಆಮೇಲೆ ಹೊಳೆಯಿತು.

ಕಂಪನಿಯವರಿಗೂ ಅದು ಹೊಳೆದಿರಬೇಕು. ಮಾರನೆಯ ವಾರ ಇನ್ನೊಂದು ಇ-ಮೇಲ್ ಬಂತು: ಕೂಡಿಟ್ಟ ಪಾಯಿಂಟೆಲ್ಲ ಕೊಟ್ಟರೆ ಗೋಲ್ಡನ್ನು ಒಂದು ವರ್ಷ ಉಳಿಸಿಕೊಳ್ಳಬಹುದು. ಕಮಾಂಡರ್ ಕಣ್ಣುಮುಚ್ಚಿ ಕೊಟ್ಟರು. ಅಷ್ಟು ಹೊತ್ತಿಗೆ ಹಳೆಯ ದರದಲ್ಲಿ ಟಿಕೆಟ್ಟು ಮಾಡಿಸಲು ಎಲ್ಲರೂ ಮುಗಿಬಿದ್ದು, ಅಕ್ಕನ ಊರಿಗೆ ಚಳಿಗಾಲಕ್ಕೆ ಮುಂಚೆ ಉಳಿದದ್ದು ಒಂದೇ ಸೀಟು, ಅದೂ ಕೊನೆಯ ಸಾಲಿನಲ್ಲಿ. ಅದನ್ನು ತೆಗೆದುಕೊಂಡರೆ ಗೋಲ್ಡಿಗೆ ಪಾಯಿಂಟು ಸಾಲದು. ಗೋಲ್ಡು ಉಳಿಸಿಕೊಂಡರೆ ಸೀಟಿಗೆ ಸಾಲದು.

ನಾನು ಕೇಳಲಿಲ್ಲ. ಕೇಳಿ ಪಡೆಯುವುದಾದರೆ ಬೇಡವೇ ಬೇಡ ಎನ್ನುವ ಕೊಬ್ಬು ನನ್ನದು. ಆದರೆ ಆ ವಾರ ಎರಡು ಸಲ ಸೂಜಿ ಬೆರಳಿಗೆ ಚುಚ್ಚಿಕೊಂಡೆ.

ಅವರೇ ಒಂದು ಮಧ್ಯಾಹ್ನ ಅಂಗಡಿಗೆ ಬಂದು ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಸೀಟಿನ ಮಾತು ಎತ್ತದೆ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದರು.

"ರೀ, ನಿಜ ಹೇಳಿ," ಅಂದೆ. "ಆ ಲೌಂಜಲ್ಲಿ ಅಂಥದ್ದೇನಿದೆ?"

"ಅಲ್ಲೊಬ್ಬರು ಇದಾರೆ ಕಣೇ."

"ಓಹೋ! ಯಾರಪ್ಪ ಆ ಸುಂದರಿ?"

"ಥೂ, ನಿನ್ನ! ರಿಟೈರ್ ಆಗೋ ವಯಸ್ಸಿನವರು, ಕಾಫಿ ಕೊಡ್ತಾರೆ. ನಾನು ಒಳಗೆ ಹೋದ ತಕ್ಷಣ ‘ಬಂದ್ರಾ? ಸಕ್ಕರೆ ಇಲ್ದೇ ಇರೋದು ತಾನೇ?’ ಅಂತಾರೆ." ಕೈಯಲ್ಲಿದ್ದ ಉಂಡೆ ಕೆಳಗಿಟ್ಟರು. "ಆಸ್ಪತ್ರೇಲಿ ನನ್ನನ್ನ ಮೆಷಿನ್ನೋನು ಅಂತಾರೆ. ಹೋಟೆಲಲ್ಲಿ ರೂಮ್ ನಂಬರ್ ಹೇಳಿ ಕರೀತಾರೆ. ವಾರವಿಡೀ ನನ್ನ ಗುರುತು ಇರೋದು ಅವರೊಬ್ಬರಿಗೇ."

ಇಷ್ಟು ವರ್ಷ ಸಂಸಾರ ಮಾಡಿ ಇದು ನನಗೆ ಗೊತ್ತೇ ಇರಲಿಲ್ಲ. ನಾನು ಬಿಸ್ಕತ್ತು ಎಂದುಕೊಂಡಿದ್ದೆ. ಪಾಪ ಅನಿಸಿತು. ಆದರೆ ಬಾಯಿ ಸುಮ್ಮನಿರಬೇಕಲ್ಲ!

"ನಿಮ್ಮ ಸಂಕಟ ಅರ್ಥ ಆಯ್ತು ಕಣ್ರೀ," ಅಂದೆ. "ನಿಮ್ಮನ್ನ ಗುರುತು ಹಿಡಿಯೋರು ಇಲ್ಲ ಅಂತ ನಿಮಗೆ ಇಷ್ಟು ನೋವು. ನನ್ನ ಗುರುತು ಹಿಡಿಯೋಳು ಇದಾಳೆ. ಅವಳ ಕಣ್ಣು ಹೋಗ್ತಾ ಇದೆ."

ಅಷ್ಟು ಹೇಳಿ ಹೊಲಿಗೆ ಯಂತ್ರ ತುಳಿಯತೊಡಗಿದೆ. ಯಾವುದೋ ಪ್ಯಾಂಟಿನ ಕಾಲನ್ನು ಪೂರ್ತಿ ಅಡ್ಡಕ್ಕೆ ಹೊಲಿದುಬಿಟ್ಟೆ. ಬಿಚ್ಚುತ್ತಾ ಕೂತಿದ್ದಾಗ ಹಿಂದಿನಿಂದ ದನಿ ಬಂತು.

"ನಿನ್ನ ಪಾಸ್‌ಪೋರ್ಟ್ ಎಲ್ಲಿಟ್ಟಿದೀಯ?"

ನಾನು ಮುಖ ತಿರುಗಿಸಲಿಲ್ಲ. ಅತ್ತದ್ದು ಕಂಡರೆ ಆಮೇಲೆ ಜೀವನಪೂರ್ತಿ ಛೇಡಿಸುತ್ತಾರೆ.

ಹೊರಡುವ ದಿನ ನನ್ನ ಹೆಗಲಚೀಲದ ಪಟ್ಟಿಗೆ, ಸರಿಯಾಗಿ ಎದೆಯ ಮೇಲೆ ಬರುವಂತೆ, ಆ ಟ್ಯಾಗು ಕಟ್ಟಿದರು. "ಗೋಲ್ಡೇ ಹೋಯ್ತು, ಈ ಹಾಳು ಟ್ಯಾಗು ಯಾಕ್ರೀ? ಜನ ನಗ್ತಾರೆ," ಎಂದರೆ, "ಇರ್ಲಿ ಬಿಡು, ಬಿಚ್ಬೇಡ," ಅಂದರು. ಏರ್‌ಪೋರ್ಟಿನಲ್ಲಿ ನನ್ನನ್ನು ಬೀಳ್ಕೊಡಲು ಪಾಸು ಕೊಂಡು ಅವರೂ ಒಳಗೆ ಬಂದರು, ಅವರ ಕಾಲು ಅಭ್ಯಾಸಬಲದಿಂದ ಗೋಲ್ಡಿನ ಸಾಲಿಗೇ ಹೋಯಿತು. ಕೌಂಟರಿನ ಹುಡುಗಿ ಕಾರ್ಡು ನೋಡಿ ಮೆಲ್ಲಗೆ, "ಸರ್, ಇದು ಹೋದ ವಾರ ಮುಗೀತು, ಆ ಕಡೆ ಬನ್ನಿ," ಅಂದಳು. ಆ ಕಡೆಯ ಸಾಲು ಬಾಗಿಲವರೆಗೂ ಇತ್ತು.

ನಮ್ಮವರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು, ಕತ್ತು ಉದ್ದ ಮಾಡಿ ಮುಂದೆ ನೋಡಿದರು.

"ಇಷ್ಟು ಹೊತ್ತು ಜನ ಏನ್ ಮಾಡ್ತಾರೆ ಕಣೇ?"

"ಮಾತಾಡ್ತಾರೆ," ಅಂದೆ.

ಮಾತಾಡಿದೆವು. ಆ ಸಾಲು ಕರಗುವುದರೊಳಗೆ ಅವರ ನೆಲಮಾಳಿಗೆಗಳು, ಅಲ್ಲಿನ ಮುರುಕು ಕುರ್ಚಿಗಳು, ಸ್ಕ್ಯಾನಿಗೆ ಹೆದರಿ ಇವರ ಕೈ ಹಿಡಿದುಕೊಂಡ ಒಬ್ಬ ಅಜ್ಜಿ, ಎಲ್ಲ ಹೇಳಿದರು. ನಮ್ಮ ಸರದಿ ಇಷ್ಟು ಬೇಗ ಬಂತಲ್ಲ ಎಂದು ನನಗೇ ಬೇಜಾರಾಯಿತು.

ಆ ಕಡೆ ಇಳಿದು ಹೊರಬಂದಾಗ ಕಟಕಟೆಯಾಚೆ ಜನವೋ ಜನ. ಅಕ್ಕನನ್ನು ನಾನು ಕಂಡೆ. ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿ ಗೋಡೆ ನೋಡುತ್ತಿದ್ದಳು. ಕೈ ಬೀಸಿದೆ, ಅವಳಿಗೆ ಕಾಣಲಿಲ್ಲ. ತಡವಾಗಿ ಬಂದೆ, ಎಲ್ಲ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಗೋಡೆಯನ್ನೇ ನೋಡುತ್ತಾ ಅವಳು ಕೂಗಿದಳು: "ಪುಟ್ಟೀ! ಇಲ್ಲಿ ಕಣೇ!"

ಓಡಿಹೋಗಿ ತಬ್ಬಿಕೊಂಡೆ. "ನಾನೇ ಅಂತ ಹೇಗೆ ಗೊತ್ತಾಯ್ತೇ?"

"ನಿಮ್ಮೆಜಮಾನ್ರು ಫೋನ್ ಮಾಡಿದ್ರು. ‘ಅಕ್ಕಾ, ಮುಖ ಹುಡುಕಬೇಡಿ, ಹೊಳೆಯೋದನ್ನ ಹುಡುಕಿ’ ಅಂದ್ರು." ಬೆರಳಿನಿಂದ ಟ್ಯಾಗು ತಡವಿದಳು. "ಎಲ್ಲಿ, ಈ ಪಕ್ಕಕ್ಕೆ ಬಾ. ಕಣ್ಣಂಚಲ್ಲಿ ಇನ್ನೂ ಕಾಣುತ್ತೆ. ಹಾಂ, ಅಲ್ಲೇ ನಿಂತ್ಕೋ."

ನಿಂತೆ. ಅಕ್ಕ ಓರೆಗಣ್ಣಿನಿಂದ ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. "ಅಮ್ಮನ ಮುಖಾನೇ ಬಂದ್ಬಿಟ್ಟಿದೆಯಲ್ಲೇ ನಿಂಗೆ," ಅಂದಳು. ಆಮೇಲೆ ಇಬ್ಬರೂ ಆ ಜನರ ನಡುವೆಯೇ ಅತ್ತೆವು, ನಾಚಿಕೆ ಬಿಟ್ಟು.

ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ನಮ್ಮವರ ಫೋನು ಬಂತು.

"ಗುರುತು ಹಿಡಿದ್ರಾ?"

"ಹಿಡಿದ್ಳು ಕಣ್ರೀ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಹಾಗಾದ್ರೆ ಅದನ್ನ ಜೋಪಾನವಾಗಿ ವಾಪಸ್ ತಗೊಂಡು ಬಾ," ಅಂದರು. "ಇನ್ನೊಂದ್ಸಲ ನೀನು ಹೋಗುವಾಗ ಬೇಕಾಗುತ್ತೆ."