ಅಲುಗದ ಕಪ್ಪು

ಮತ್ತೆ ಹತ್ತಕ್ಕೆ ಹತ್ತು, ನಟ್ಟನಡುವೆ, ಇದೇನು ತಮಾಷೆ, ಇಷ್ಟು ವರ್ಷ ಅಂಗಲಾಚಿದರೂ ನಿಲ್ಲದ ಗುರಿಯ ಕಪ್ಪು ಚುಕ್ಕೆ ಇವತ್ತು ರೈಫಲ್ಲಿನ ತುದಿಯ ಉಂಗುರದೊಳಗೆ ಅಂಟು ಹಚ್ಚಿ ಕೂರಿಸಿದಂತಿದೆ — ಹಿಂದೆ ಸ್ಟೂಲಿನ ಮೇಲೆ ಮೇಷ್ಟ್ರು, ದುರ್ಬೀನು ಕಣ್ಣಿಗೊತ್ತಿಕೊಂಡು, ಭೇಷ್ ಕಣಮ್ಮ, ಭೇಷ್, ಈ ಸಲ ದೇಶದ ತಂಡದಲ್ಲಿ ನೀನು ಇದ್ದೇ ಇರ್ತೀಯ, ನನ್ನ ಕೈಯಲ್ಲಿ ಪಳಗಿದೋರು ಒಬ್ಬರಾದ್ರೂ ಅಲ್ಲಿಗೆ ಹೋಗೋದನ್ನ ನೋಡಿ ಕಣ್ಣು ಮುಚ್ತೀನಿ — ಅಯ್ಯೋ ಸುಮ್ಮನಿರಿ ಮೇಷ್ಟ್ರೇ, ಸಂಕಟವಾಗುತ್ತದೆ. ಶಾಲೆಗೆ ಹೋಗುವ ಹುಡುಗಿಯಾಗಿದ್ದ ನನಗೆ ಅವರು ಕಲಿಸಿದ ಮೊದಲ ಪಾಠವೇ ಎದೆಬಡಿತದ್ದು, ನೋಡು, ಎದೆ ಬಡಿದಾಗಲೆಲ್ಲ ನಳಿಕೆ ಕುಪ್ಪಳಿಸುತ್ತೆ, ಎರಡು ಬಡಿತದ ನಡುವೆ ಒಂದು ಸಂದಿ ಇರುತ್ತೆ, ಅಲ್ಲೇ ಟ್ರಿಗರ್ ಒತ್ಬೇಕು. ಆ ಸಂದಿಗಾಗಿ ಏನೇನು ಮಾಡಲಿಲ್ಲ, ಕಾಫಿ ಬಿಟ್ಟೆ, ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿಯುವಾಗಲೂ ಉಸಿರು ಹಿಡಿದು ಕೂತೆ, ನಿಂಗೆ ದೆವ್ವ ಹಿಡಿದಿದೆ ಕಣೇ ಅಂದಳು ಅಕ್ಕ, ಹಿಡಿದಿತ್ತು, ನಿಜ, ಆದರೂ ಪ್ರತಿ ಸಲ ಆಯ್ಕೆಯ ದಿನ, ಕೊನೆಯ ಗುಂಡು ಹೊಡೆಯುವಾಗ, ಈ ಹಾಳು ಎದೆ ಡೋಲು ಬಾರಿಸಿ ಎಲ್ಲ ಕೆಡಿಸಿತು. ಈಗ ಆ ಎದೆಗೇ ಕಾಯಿಲೆ, ಬಡಿತ ಅಡ್ಡಾದಿಡ್ಡಿ ಅಂತೆ, ದಿನಾ ಒಂದು ಮಾತ್ರೆ ತಗೊಳ್ಳಿ, ತಪ್ಪಿಸಿದ್ರೆ ಜೀವಕ್ಕೇ ಅಪಾಯ ಅಂದರು ಡಾಕ್ಟರು — ಬಡಿತ ತಗ್ಗಿಸುವ, ಕೈನಡುಕ ನಿಲ್ಲಿಸುವ ಮಾತ್ರೆ, ಅದಕ್ಕೇ ಸ್ಪರ್ಧೆಗೆ ಇಳಿಯುವವರು ನಾಲಗೆಗೂ ಸೋಕಿಸಬಾರದು ಅಂತ ನಿಷೇಧ ಇರುವ ಮಾತ್ರೆ. ನುಂಗಿದರೆ ಸ್ಪರ್ಧೆ ಇಲ್ಲ, ಬಿಟ್ಟರೆ ನಾನೇ ಇಲ್ಲ, ಎಂಥಾ ಪೀಕಲಾಟ ಇದು!

ನುಂಗಿಯೇ ಬಂದೆ, ಇವತ್ತು ಹೇಳಿಬಿಡಬೇಕು ಅಂತಲೇ ಬಂದೆ, ಅಷ್ಟರಲ್ಲಿ ಈ ಹತ್ತುಗಳ ಸುರಿಮಳೆ, ಮೇಷ್ಟ್ರ ಮುಖದಲ್ಲಿ ಈ ಕಳೆ — ಸುಮ್ಮನಿದ್ದುಬಿಡಲೇ, ಯಾರಿಗೆ ಗೊತ್ತಾಗುತ್ತದೆ, ಥೂ, ನನಗೆ ಗೊತ್ತಲ್ಲ — ಮೇಷ್ಟ್ರೇ, ಹೊಡೀತಿರೋದು ನಾನಲ್ಲ, ಮಾತ್ರೆ, ಎದೆಗೆ ಕೊಟ್ಟಿದಾರೆ, ಬದುಕಿರೋವರೆಗೂ ತಗೋಬೇಕಂತೆ. ದುರ್ಬೀನು ಕೆಳಗಿಳಿಯಿತು. ಬೈಯಲಿ, ಎದ್ದು ಹೋಗಲಿ — ಮೇಷ್ಟ್ರು ಅಂಗಿಯ ತುದಿಯಿಂದ ಗಾಜು ಒರೆಸಿದರು, ಮತ್ತೆ ಕಣ್ಣಿಗಿಟ್ಟರು, ಮಾತ್ರೆ ಬಿಡಬೇಡ, ನನ್ನಾಣೆ, ಈಗ ಇನ್ನೊಂದು ಹೊಡಿ, ನೋಡ್ತೀನಿ. ಗುಂಡು ತುಂಬಿದೆ, ಕೆನ್ನೆ ಒತ್ತಿದೆ, ಕಣ್ಣು ಮಂಜಾಯಿತು, ಒರೆಸಿಕೊಂಡೆ, ಅಲ್ಲೇ ಇದೆ, ಉಂಗುರದ ನಡುವೆ, ಕಪ್ಪು, ಅಲುಗೇ ದರಿದ್ರವೇ, ನನ್ನ ಎದೆ ಇನ್ನೂ ಬಡಿಯುತ್ತಿದೆ ತಾನೇ, ಒಂದೇ ಒಂದು ಸಲ ಅಲುಗು — ಅಲುಗುತ್ತಿಲ್ಲ.