ಕುಗ್ಗದ ಚಿತ್ರ

ಬನಶಂಕರಿಯ ಮನೆಗಳಲ್ಲಿ ಸಂಜೆ ದೀಪ ಹತ್ತಿತೆಂದರೆ ಕರೆಂಟು ಸೊರಗುತ್ತಿತ್ತು. ಟಿವಿಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ, ವಾರ್ತೆ ಓದುವವಳ ಮುಖ ನಿಂಬೆಹಣ್ಣಿನಷ್ಟಾಗುತ್ತಿತ್ತು. ಟಿವಿ ಕೊಂಡವರು ಜೊತೆಗೊಂದು ಸ್ಟೆಬಿಲೈಸರನ್ನೂ ಹೊತ್ತು ತರಬೇಕಿತ್ತು. ಆ ಪೆಟ್ಟಿಗೆಯೇ ಬೇಡದಂಥ ಟಿವಿ ಮಾಡಬೇಕೆಂದು ಹಟ ಹಿಡಿದವಳು ಜಯಶೀಲಾ.

ಹೊಸಕೆರೆಹಳ್ಳಿಯ ಹುಡುಗಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಾಗಲಕ್ಷ್ಮಮ್ಮ ಬೀಡಿ ಕಟ್ಟಿ ಪಾಲಿಟೆಕ್ನಿಕ್ ಓದಿಸಿದ್ದಳು. ಜೆ.ಪಿ. ನಗರದ ಸುಪ್ರಭ ಟಿವಿ ಕಂಪನಿಯಲ್ಲಿ ಹೆಣ್ಣುಮಕ್ಕಳಿಗೆಲ್ಲ ಬೆಸುಗೆಯ ಮೇಜೇ ಗತಿಯಾಗಿದ್ದಾಗ, ಲ್ಯಾಬಿನ ಮುಖ್ಯಸ್ಥ ಚನ್ನಬಸವಯ್ಯ ಇವಳನ್ನು ಒಳಗೆ ಕರೆದುಕೊಂಡಿದ್ದರು. ಎಂಬತ್ನಾಲ್ಕರ ಬೇಸಿಗೆಯೆಲ್ಲ ಇಬ್ಬರೂ ಸೇರಿ ಎಷ್ಟೋ ಸರ್ಕ್ಯೂಟುಗಳನ್ನು ಸುಟ್ಟರು. ಕೊನೆಗೊಂದು ಮಧ್ಯಾಹ್ನ ವೋಲ್ಟೇಜು ಅರ್ಧಕ್ಕಿಳಿದರೂ ಚಿತ್ರ ಅಲುಗದೆ ನಿಂತಿತು. ಚನ್ನಬಸವಯ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ವಿಸ್ಟಾರ್‌ನವರು ಇನ್ನು ಬಾಯಿ ಬಾಯಿ ಬಡ್ಕೋಬೇಕು ಕಣಮ್ಮ. ದೀಪಾವಳಿಗೆ ಮಾರ್ಕೆಟ್ಟಿಗೆ ಬಿಡೋಣ. ಅಲ್ಲಿವರೆಗೂ ಯಾರ ಹತ್ರಾನೂ ಉಸಿರೆತ್ತಬೇಡ."

ವಿಸ್ಟಾರ್ ಬೊಂಬಾಯಿಯ ದೊಡ್ಡ ಕಂಪನಿ. ಬೆಂಗಳೂರಿನಲ್ಲೂ ಅವರದೊಂದು ಕಾರ್ಖಾನೆ ಇತ್ತು. ಅಲ್ಲಿ ಎಂಜಿನಿಯರನಾಗಿದ್ದವನು ದೇವದಾಸ್. ಪಾಲಿಟೆಕ್ನಿಕ್ಕಿನಲ್ಲಿ ಜಯಶೀಲಾಳ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಬರುವ ವೈಶಾಖದಲ್ಲಿ ಅವಳನ್ನು ಮದುವೆಯಾಗಲಿದ್ದವನು. ಭಾನುವಾರಗಳಂದು ಇಬ್ಬರೂ ಜಯನಗರ ಫೋರ್ತ್ ಬ್ಲಾಕಿನ ಹೋಟೆಲಿನಲ್ಲಿ ಕೂತು ಎರಡೂ ಕಂಪನಿಗಳನ್ನು ಆಡಿಕೊಂಡು ನಗುತ್ತಿದ್ದರು. ಆ ಭಾನುವಾರ ಅವಳ ಮುಖ ನೋಡಿಯೇ ಅವನು, "ಏನೋ ಆಗಿದೆ, ಹೇಳೇ" ಅಂದ. ಅವಳು ಹೇಳಿದಳು. ಕರವಸ್ತ್ರದ ಮೇಲೆ ಬೆರಳಿನಿಂದ ಗೆರೆ ಎಳೆದೆಳೆದು, ಚಿತ್ರ ಹೇಗೆ ನಿಂತಿತು ಅನ್ನುವುದನ್ನೂ ಹೇಳಿದಳು. ಅಷ್ಟು ದೊಡ್ಡ ಸಂತೋಷವನ್ನು ಇನ್ಯಾರಿಗೆ ಹೇಳಿದರೂ ಅರ್ಥವಾಗುತ್ತಿರಲಿಲ್ಲ. ಅವನಿಗೆ ಪೂರ್ತಿ ಅರ್ಥವಾಯಿತು.

ದಸರೆಯ ಹೊತ್ತಿಗೆ ಊರ ತುಂಬ ವಿಸ್ಟಾರ್‌ನ ಬೋರ್ಡುಗಳು ಎದ್ದವು: ಸ್ಟೆಬಿಲೈಸರ್ ಬೇಡದ ಟಿವಿ. ಸುಪ್ರಭದವರು ಒಂದು ಸೆಟ್ಟು ತರಿಸಿ ಲ್ಯಾಬಿನಲ್ಲಿ ಬಿಚ್ಚಿದರು. ಹಿಂಬದಿಯ ಮುಚ್ಚಳ ತೆಗೆದ ಕೂಡಲೇ ಜಯಶೀಲಾ ತನ್ನದೇ ಸರ್ಕ್ಯೂಟನ್ನು ಗುರುತಿಸಿದಳು. ತಾನು ಹೆತ್ತ ಕೂಸನ್ನು ಬೇರೆಯವರ ತೊಟ್ಟಿಲಲ್ಲಿ ಕಂಡಂತಾಯಿತು. ಚನ್ನಬಸವಯ್ಯ ಒಮ್ಮೆ ಸರ್ಕ್ಯೂಟಿನ ಕಡೆ, ಒಮ್ಮೆ ಇವಳ ಕಡೆ ನೋಡಿದರು. ಮುಚ್ಚಳವನ್ನು ತಾವೇ ಮತ್ತೆ ಹಾಕಿದರು.

ಸಂಜೆ ಅವಳು ವಿಸ್ಟಾರ್ ಕಾರ್ಖಾನೆಯ ಗೇಟಿನೆದುರು ನಿಂತಳು. ಹೊರಗೆ ಬಂದ ದೇವದಾಸ್ ಅವಳನ್ನು ಕಂಡು ಅಲ್ಲೇ ತಡೆದು ನಿಂತ.

"ಹೇಳಿದ್ದು ನೀನೇನಾ?" ಅಂದಳು.

"ಬೇಕು ಅಂತ ಮಾಡ್ಲಿಲ್ಲ ಶೀಲಾ. ಮೀಟಿಂಗಲ್ಲಿ ಬೊಂಬಾಯಿಯವರು ಎಲ್ರ ಮುಂದೆ ನನ್ನ ದಡ್ಡ ಅಂದ್ರು. ಬಾಯಿಗ್ ಬಂದ್ಬಿಡ್ತು. ಆಮೇಲೆ ತಡೆಯೋಕಾಗ್ಲಿಲ್ಲ." ಅವಳ ಹತ್ತಿರ ಬಂದು ಮತ್ತೆ ಹೇಳಿದ: "ನನ್ನ ಸೀನಿಯರ್ ಮಾಡವ್ರೆ. ಬರೋದೆಲ್ಲ ನಮ್ಮನೆಗೇ ತಾನೆ?"

ಅವಳು ತಿರುಗಿ ಹೋಗಿ ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ನೇರವಾಗಿ ಮಾಲೀಕರ ಕೋಣೆಗೆ ಹೋಗಿ, "ಸಾರ್, ಸುದ್ದಿ ಹೊರಗೆ ಹೋಗಿದ್ದು ನನ್ನಿಂದ" ಅಂದಳು. ಅವರು ತಲೆ ಎತ್ತಿ ನೋಡಿದರು. "ಚನ್ನಬಸವಯ್ಯನವರು ನಿನ್ನೆ ಸಂಜೇನೇ ತಪ್ಪು ನಂದು ಅಂತ ಒಪ್ಕೊಂಡು ರಾಜೀನಾಮೆ ಕೊಟ್ರಲ್ಲಮ್ಮ. ಈಗ ನೀನೊಬ್ಬಳು. ಒಂದು ತಲೆ ಹೋದ್ರೆ ಸಾಕು ನಮಗೆ. ಹೋಗಿ ಕೆಲಸ ನೋಡು."

ಅವಳು ಓಡಿ ಲ್ಯಾಬಿಗೆ ಬಂದಳು. ಚನ್ನಬಸವಯ್ಯನವರ ಮೇಜು ಖಾಲಿಯಾಗಿತ್ತು. ಬಸವನಗುಡಿಯ ಅವರ ಮನೆಗೆ ಹೋದರೆ, ಚನ್ನಬಸವಯ್ಯ ಹಿತ್ತಿಲಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು.

"ಯಾಕ್ ಹೀಗೆ ಮಾಡಿದ್ರಿ ಸಾರ್?"

"ನಂಗೆ ರಿಟೈರ್ಮೆಂಟು ಹತ್ರ ಬಂದಿತ್ತು. ನಿನ್ನ ತೆಗೆದು ಹಾಕಿದ್ರೆ ಇನ್ನೊಂದು ಹುಡುಗೀನ ಯಾರೂ ಲ್ಯಾಬಿನೊಳಕ್ಕೆ ಬಿಡ್ತಿರ್ಲಿಲ್ಲ." ಚೆಂಬನ್ನು ಕಟ್ಟೆಯ ಮೇಲಿಟ್ಟರು. "ಆದ್ರೆ ಇನ್ಮೇಲೆ ಇಲ್ಲಿಗೆ ಬರಬೇಡಮ್ಮ. ನಿನ್ನ ನೋಡಿದ್ರೆ ನಂಗೆ ಸಂಕಟ ಆಗುತ್ತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ದೇವದಾಸ್ ಹಲವು ಸಲ ಹೊಸಕೆರೆಹಳ್ಳಿಗೆ ಬಂದ. ಕಡೆಯ ಸಲ ಬಂದಾಗ ಕೆರೆಯ ಏರಿಯ ಮೇಲೆ ನಿಂತು ಅತ್ತ. ಕೆಲಸ ಬಿಡುತ್ತೇನೆ, ಚನ್ನಬಸವಯ್ಯನವರ ಕಾಲಿಗೆ ಬೀಳುತ್ತೇನೆ ಅಂದ. ಅವನ ಅಳು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನ ಮೇಲಿನ ಆಸೆಯೂ ಎಲ್ಲಿಗೂ ಹೋಗಿರಲಿಲ್ಲ. ಅದೇ ಅವಳನ್ನು ಸುಡುತ್ತಿತ್ತು.

"ಇನ್ಮೇಲೆ ನಿನ್ ಹತ್ರ ಏನ್ ಹೇಳ್ಬೇಕಾದ್ರೂ ಯೋಚನೆ ಮಾಡಿ ಹೇಳ್ಬೇಕು ದೇವು," ಅಂದಳು. "ಅಂಥ ಮನೇಲಿ ನಾನ್ ಹೆಂಗಿರ್ಲಿ?"

ಅವನು ಕತ್ತಲಾಗುವ ಮುಂಚೆಯೇ ಹೊರಟುಹೋದ.

ಆ ವರ್ಷ ವಿಸ್ಟಾರ್ ಟಿವಿ ಬಿಸಿದೋಸೆಯಂತೆ ಖರ್ಚಾಯಿತು. ಸುಪ್ರಭ ಎರಡೇ ವರ್ಷದಲ್ಲಿ ಬಾಗಿಲು ಹಾಕಿತು. ಜಯಶೀಲಾಗೆ ಬೇರೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು, ಲ್ಯಾಬಿನಲ್ಲೇ. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಏನಾದರೂ ಹೊಸದು ಕೈಗೂಡಿದ ದಿನ ಅವಳು ಮನೆಗೆ ಬಂದು ಸುಮ್ಮನೆ ಉಂಡು ಮಲಗುತ್ತಿದ್ದಳು. "ಇವತ್ತೇನಾಯ್ತವ್ವ?" ಎಂದು ನಾಗಲಕ್ಷ್ಮಮ್ಮ ಕೇಳಿದರೆ, "ಏನಿಲ್ಲಮ್ಮ" ಅನ್ನುತ್ತಿದ್ದಳು.