ಕೂತು ನೋಡಿದ ಬೇಸು

ಅಗ್ಗದ ಬೇಸ್ ಗಿಟಾರಿನ ಯೋಗ್ಯತೆ ತಿಳಿಯಬೇಕಾದರೆ ಮೊದಲು ಅದರ ಬಣ್ಣದಿಂದ ಕಣ್ಣು ಕೀಳಬೇಕು ಎಂದು ಅವನು ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದ. ವಾದ್ಯದಂಗಡಿಯ ಹಿಂದಿನ ಕೋಣೆಯಲ್ಲಿ ರಿಪೇರಿ ಮಾಡುವುದು, ಹೊಸದಾಗಿ ಬಂದ ಮಾಲನ್ನು ಪರೀಕ್ಷಿಸುವುದು ಅವನ ಕೆಲಸ. ರಟ್ಟಿನ ಪೆಟ್ಟಿಗೆ ಬಂದಿತೆಂದರೆ ತನ್ನ ಸ್ಟೂಲಿನ ಮೇಲೆ ಕೂತು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಬಡಗಿ ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಅದರ ಕತ್ತಿನುದ್ದಕ್ಕೂ ನೋಡುತ್ತಿದ್ದ. ಕತ್ತು ನೆಟ್ಟಗಿದೆಯೇ? ಅದರ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಫ್ರೆಟ್‌ಗಳ ತುದಿ ಅಂಗೈಗೆ ಗೀರುತ್ತದೆಯೇ? ನಾಲ್ಕು ದಪ್ಪ ತಂತಿಗಳನ್ನು ಬಿಗಿಯುವ ಬಿರಡೆಗಳು ಹಿಡಿದಲ್ಲಿ ನಿಲ್ಲುತ್ತವೆಯೇ, ಇಲ್ಲಾ ಮಾತು ಕೊಟ್ಟ ನೆಂಟನ ಹಾಗೆ ಮೆಲ್ಲಗೆ ಜಾರಿಕೊಳ್ಳುತ್ತವೆಯೇ? ನಾಬ್ ತಿರುಗಿಸಿದರೆ ಸ್ಪೀಕರಿನಲ್ಲಿ ಕಾಳು ಹುರಿದಂತೆ ಚಟಪಟ ಅನ್ನುತ್ತದೆಯೇ?

ಎಲ್ಲ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದ. ಹಾಕಿದ ಮೇಲೂ ಸಮಾಧಾನವಿಲ್ಲ. "ಇನ್ನೊಮ್ಮೆ ನೋಡ್ತೀನಿ ಸರ್" ಎನ್ನುತ್ತಿದ್ದ. ಹನ್ನೊಂದು ವರ್ಷ ಇದನ್ನೇ ಕೇಳಿ ಕೇಳಿ ಅಂಗಡಿಯ ಯಜಮಾನರು ಅವನಿಗೆ 'ಇನ್ನೊಮ್ಮೆ' ಎಂದೇ ಹೆಸರಿಟ್ಟಿದ್ದರು. "ಇವನು ಮದುವೆ ರಿಜಿಸ್ಟರಿಗೆ ಸಹಿ ಹಾಕುವಾಗಲೂ 'ಇನ್ನೊಮ್ಮೆ ಓದ್ತೀನಿ' ಅಂದಿರ್ತಾನೆ ನೋಡಿ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದರು. ಅದು ನಿಜವೇ ಆಗಿತ್ತು. ಅವನ ಹೆಂಡತಿ ಮಾತ್ರ ಪುಣ್ಯಕ್ಕೆ ಯಾರಿಗೂ ಹೇಳಿರಲಿಲ್ಲ.

ಮೂರು ವಾರದ ಹಿಂದೆ ಅವನು ತನ್ನ ಅಕ್ಕನಿಗೆ ಆರಿಸಿಕೊಟ್ಟ ಕಪ್ಪು ಬೇಸಿಗೆ ಹತ್ತಕ್ಕೆ ಎಂಟೂವರೆ ಬಂದಿತ್ತು. ಆ ಬೆಲೆಯ ಗಿಟಾರಿಗೆ ಅವನು ಹಿಂದೆಂದೂ ಅಷ್ಟು ಕೊಟ್ಟಿರಲಿಲ್ಲ. ಆ ಬೇಸೇ ಗುರುವಾರ ಮಧ್ಯಾಹ್ನ ಅಕ್ಕನ ಬೆನ್ನೇರಿಕೊಂಡು ವಾಪಸು ಬಂತು.

"ತಗೋ," ಅಂದಳು ಅಕ್ಕ, ಚೀಲವನ್ನು ಮೇಜಿಗೆ ಒರಗಿಸಿ. "ಇನ್ನೂ ಹೊಸದರ ಹಾಗೇ ಇದೆ. ನಿಮ್ಮ ಯಜಮಾನ್ರಿಗೆ ಹೇಳಿ ಒಳಗಿಡು."

"ಯಾಕಕ್ಕ? ಏನಾಯ್ತು? ಕತ್ತು ಬಾಗ್ತಾ? ಬಿರಡೆ ಜಾರ್ತಾ?"

"ಅದಕ್ಕೇನು ಧಾಡಿ, ಕಲ್ಲುಗುಂಡಿನ ಹಾಗಿದೆ. ಆಗಿರೋದೆಲ್ಲ ನನಗೆ." ಎಡ ಮಣಿಕಟ್ಟನ್ನು ತಿರುಗಿಸಿ ತೋರಿಸಿದಳು. "ಹತ್ತು ನಿಮಿಷ ನುಡಿಸೋ ಹೊತ್ತಿಗೆ ಇಲ್ಲಿಂದ ಮೊಣಕೈವರೆಗೂ ಉರಿ. ಆಮೇಲೆ ಬೆರಳಿಗೆ ತಂತಿ ಒತ್ತೋಕೇ ಆಗಲ್ಲ, ಬರೀ ಗುರ್ ಅನ್ನುತ್ತೆ. ಐವತ್ಮೂರು ವರ್ಷದ ಕೈ ಕಣೋ. ಆಸೆ ಪಟ್ಟಿದ್ದೇ ಹೆಚ್ಚಾಯ್ತು."

ಅಕ್ಕ ಒಂದು ದೊಡ್ಡ ಲಾಂಡ್ರಿಯಲ್ಲಿ ಮೂವತ್ತು ವರ್ಷದಿಂದ ಇಸ್ತ್ರಿ ಮಾಡುವವಳು. ಹೋಟೆಲುಗಳ ಹಾಸು, ಆಸ್ಪತ್ರೆಗಳ ಬಿಳಿ ಕೋಟು, ಬೆಳಗಿನಿಂದ ಸಂಜೆಯವರೆಗೆ. ಅಲ್ಲಿನ ಕೆಲಸಗಾರರದೇ ಒಂದು ಪುಟ್ಟ ವಾದ್ಯತಂಡವಿತ್ತು. ವ್ಯಾನಿನ ಡ್ರೈವರ್ ಗಿಟಾರ್ ನುಡಿಸುತ್ತಿದ್ದ, ಬಾಯ್ಲರ್ ನೋಡಿಕೊಳ್ಳುವವಳು ಡ್ರಮ್ ಬಾರಿಸುತ್ತಿದ್ದಳು, ಬಿಲ್ ಬರೆಯುವವಳು ಹಾಡುತ್ತಿದ್ದಳು. ಬೇಸ್ ನುಡಿಸುತ್ತಿದ್ದವನು ಬೇರೆ ಕೆಲಸ ಹಿಡಿದು ಹೋದ ಮೇಲೆ ಡ್ರೈವರ್ ಒಂದು ದಿನ ಬಟ್ಟೆ ತುಂಬಿಕೊಳ್ಳಲು ಬಂದವನು ಅಲ್ಲೇ ನಿಂತುಬಿಟ್ಟ. ರೇಡಿಯೊ ಹಾಡುತ್ತಿತ್ತು, ಅಕ್ಕನ ಇಸ್ತ್ರಿಪೆಟ್ಟಿಗೆ ಆ ತಾಳಕ್ಕೆ ಒಂದಿಷ್ಟೂ ತಪ್ಪದೆ ಮೇಜಿಗೆ ಬಡಿಯುತ್ತಿತ್ತು. "ಅಕ್ಕಾ, ನೀವು ನಮ್ಮ ಜೊತೆ ಬರ್ತೀರಾ?" ಎಂದು ಕೇಳಿದನಂತೆ.

ಮೂವತ್ತು ವರ್ಷದಲ್ಲಿ ಅವಳನ್ನು ಯಾರೂ ಯಾವುದಕ್ಕೂ ಹಾಗೆ ಕರೆದಿರಲಿಲ್ಲ. ಮೊದಲ ವಾರ ಅವಳು ತಮ್ಮನಿಗೆ ದಿನಕ್ಕೆರಡು ಸಲ ಫೋನ್ ಮಾಡಿ, ಗಿಟಾರನ್ನು ಫೋನಿನ ಹತ್ತಿರ ಹಿಡಿದು ದುಂ ದುಂ ಅನ್ನಿಸಿ, "ಕೇಳಿಸ್ತಾ? ಕೇಳಿಸ್ತಾ?" ಎನ್ನುತ್ತಿದ್ದಳು. ಎರಡನೇ ವಾರ ಒಂದೇ ಫೋನು. ಮೂರನೇ ವಾರ ಬಂದಿರಲಿಲ್ಲ. ಅವನು ಕೆಲಸ ಹೆಚ್ಚಾಗಿರಬೇಕು ಅಂದುಕೊಂಡಿದ್ದ.

"ಡ್ರೈವರ್‌ಗೆ ಹೇಳಿದ್ಯಾ?"

"ಕೈ ಸರಿಯಿಲ್ಲ ಅಂದೆ. ಶನಿವಾರದವರೆಗೆ ನೋಡೋಣ ಅಕ್ಕ, ಆಗದಿದ್ರೆ ನನ್ನ ಭಾಮೈದನ್ನ ಕರೀತೀನಿ ಅಂದ. ಪಾಪ, ಅವನದೇನು ತಪ್ಪು? ಮುಂದಿನ ತಿಂಗಳು ನಮ್ಮ ಕೆಲಸಗಾರರ ಸಂಘದ ಸಭೆಲಿ ನುಡಿಸಬೇಕಲ್ಲ."

"ಆ ಭಾಮೈದನಿಗೆ ಬೇಸ್ ಬರುತ್ತಾ?"

"ಊಟದ ಹೊತ್ತಿಗೆ ಸರಿಯಾಗಿ ಬರ್ತಾನೆ. ತಾಳಜ್ಞಾನ ಅಷ್ಟರಮಟ್ಟಿಗಿದೆ."

ಅವನನ್ನು ನಗಿಸಿದಳೇ ಹೊರತು ತಾನು ನಗಲಿಲ್ಲ.

ಅವನು ಚೀಲದ ಜಿಪ್ ಎಳೆದು ಬೇಸನ್ನು ಹೊರತೆಗೆದ. ಸಂಜೆ ತರಗತಿಗೆ ಹೋಗಿ ಅವನು ಎಲೆಕ್ಟ್ರಿಕ್ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ದಿನವಿಡೀ ಊರ ಬಟ್ಟೆಗೆ ಇಸ್ತ್ರಿ ಹಾಕಿ ಬಂದ ಅಕ್ಕ ಅವನ ಇದ್ದೊಂದು ಅಂಗಿಗೂ ಇಸ್ತ್ರಿ ಹಾಕಿಯೇ ಕಳಿಸುತ್ತಿದ್ದಳು. ಮುದುರಿದ ಅಂಗಿಯಲ್ಲಿ ಹೋದರೆ ಕಲಿತ ಪಾಠವೂ ಮುದುರಿಹೋಗುತ್ತದೆ ಅನ್ನುವುದು ಅವಳ ವಾದ. ಅಂಥವಳಿಗೆ ಒಂದೇ ಒಂದು ವಸ್ತು ಆರಿಸಿಕೊಡುವಾಗ ತಾನು ಎಡವಿದೆನೇ? ಕೈ ಕೆಟ್ಟಿದೆ ಎಂದು ಅವಳು ನಂಬಿಬಿಟ್ಟರೆ ಮತ್ತೆ ಯಾವ ವಾದ್ಯವನ್ನೂ ಮುಟ್ಟುವವಳಲ್ಲ. ಅಕ್ಕನ ಸ್ವಭಾವ ಅವನಿಗೆ ಗೊತ್ತು. ಬಿಟ್ಟರೆ ಬಿಟ್ಟಳೇ.

"ಇನ್ನೊಮ್ಮೆ ನೋಡ್ತೀನಿ ಇರು," ಎಂದು ಬೇಸನ್ನು ತೊಡೆಗೇರಿಸಿದ.

ಕತ್ತು ನೆಟ್ಟಗಿತ್ತು. ಫ್ರೆಟ್‌ಗಳು ನುಣುಪಾಗಿದ್ದವು. ತಂತಿಗಳು ಬೆರಳಿಟ್ಟರೆ ಸಾಕು, ತಾವೇ ಒತ್ತಿಕೊಳ್ಳುವಷ್ಟು ಕೆಳಗಿದ್ದವು. ಪುಟ್ಟ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿ ಮೇಲಿಂದ ಕೆಳಗೆ ಎಲ್ಲ ಸ್ವರ ನುಡಿಸಿದ. ತುಂಬಿದ ಹಂಡೆಗೆ ತಟ್ಟಿದ ಹಾಗೆ ದುಂಡಗಿನ ನಾದ. ಇನ್ನೊಮ್ಮೆ ನುಡಿಸಿದ. ತಪ್ಪು ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ನುಡಿಸಲು ಹೇಳಿದ. ನುಡಿಸಿದಳು. ಒಂದು ಸ್ವರವೂ ಗುರ್ ಅನ್ನಲಿಲ್ಲ.

"ಬರ್ತಿದೆಯಲ್ಲಕ್ಕ!"

"ಇಲ್ಲಿ ಬರುತ್ತೆ. ಅಲ್ಲಿ ಬರಲ್ಲ."

"ಅಂದ್ರೆ ಬೇಸಲ್ಲೇ ಏನೋ ಇದೆ."

"ಸುಮ್ನಿರೋ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನೀನೇ ನೋಡಿ ಕೊಟ್ಟಿದ್ದನ್ನ ನಾನು ದೂರಲಾ?"

ಆ ನಂಬಿಕೆಯೇ ಅವನಿಗೆ ಚುಚ್ಚಿತು. ಗಿಟಾರನ್ನು ಅಲ್ಲ, ಅವನನ್ನು ಬಿಟ್ಟುಕೊಡಬಾರದೆಂದು ಅವಳು ತನ್ನ ಕೈಯನ್ನೇ ಹೊಣೆ ಮಾಡುತ್ತಿದ್ದಳು.

"ಅಕ್ಕ, ಅಲ್ಲಿ ಹೇಗೆ ನುಡಿಸ್ತೀಯೋ ಹಾಗೇ ನುಡಿಸು. ಒಂದು ಚೂರೂ ಬದಲಾಯಿಸಬೇಡ."

ಅಕ್ಕ ಎದ್ದು ನಿಂತಳು. ಚೀಲದಿಂದ ಬೆಲ್ಟ್ ತೆಗೆದು ಗಿಟಾರಿಗೆ ಸಿಕ್ಕಿಸಿ ಹೆಗಲಿಗೆ ಹಾಕಿಕೊಂಡು ನುಡಿಸತೊಡಗಿದಳು. ಎರಡು ನಿಮಿಷದಲ್ಲಿ ಅವಳ ಎಡ ಹೆಗಲು ಮೇಲೇರಿತು, ಮೂರನೆಯ ನಿಮಿಷಕ್ಕೆ ತಂತಿ ಗುರ್ ಅಂದಿತು.

"ನಿಂತು ನುಡಿಸ್ತೀಯಾ?" ಎಂದ ಅವನು ಮೆಲ್ಲಗೆ.

"ಮತ್ತಿನ್ನೇನು, ಮಲಗಿ ನುಡಿಸಲಾ? ಮೂವತ್ತು ವರ್ಷ ನಿಂತೇ ದುಡಿದಿರೋಳು, ಕೂತ್ರೆ ನನ್ನ ಕೈ ರಜಾ ಅಂದ್ಕೊಳ್ಳುತ್ತೆ. ಅಲ್ಲಿ ಕೂರೋಕಿರೋದೂ ಒಂದೇ ಬಟ್ಟೆ ಗಂಟು, ಅದರ ಮೇಲೆ ನಮ್ಮ ಗಾಯಕಿ ಕೂತಿರ್ತಾಳೆ."

"ಎಡಗೈ ಬಿಡು."

"ಬಿಟ್ರೆ ಬೀಳುತ್ತೆ."

"ಬಿಡಕ್ಕ, ನಾನು ಹಿಡ್ಕೋತೀನಿ."

ಅವಳು ಬಿಟ್ಟಳು. ಕಪ್ಪು ಬೇಸಿನ ಕತ್ತು, ಸಭೆಯಲ್ಲಿ ನಿದ್ದೆ ಬಂದವನ ತಲೆಯಂತೆ, ತಟಕ್ಕನೆ ನೆಲದ ಕಡೆಗೆ ವಾಲಿತು.

ಅವನು ನೋಟ್‌ಬುಕ್ ತೆರೆದ. ಕಪ್ಪು ಬೇಸಿನ ಸಾಲಿನಲ್ಲಿ ಅವನದೇ ಅಕ್ಷರ: "ಒಡಲು ಬಲು ಹಗುರ. ಭೇಷ್." ಅದಕ್ಕೆಂದೇ ಒಂದು ಅಂಕ ಹೆಚ್ಚು ಹಾಕಿದ್ದ. ಒಡಲು ಹಗುರ, ತಲೆಯ ಬಿರಡೆಗಳು ಭಾರ. ಕೂತವನ ತೊಡೆ ಆ ಭಾರವನ್ನು ಹೊತ್ತುಬಿಡುತ್ತದೆ. ನಿಂತವಳಿಗೆ ತೊಡೆ ಎಲ್ಲಿಂದ ಬರಬೇಕು? ಮೂರು ವಾರದಿಂದ ಅಕ್ಕನ ಎಡಗೈ ಒಂದೇ ಹೊತ್ತಿಗೆ ಕತ್ತನ್ನೂ ಎತ್ತಿ ಹಿಡಿಯುತ್ತಿತ್ತು, ತಂತಿಯನ್ನೂ ಒತ್ತುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವನು ಒಂದು ಗಿಟಾರಿಗೂ ಬೆಲ್ಟ್ ಹಾಕಿ ನೋಡಿರಲಿಲ್ಲ. ಉಪಕರಣಗಳು ಮೇಜಿನ ಮೇಲಿದ್ದವು, ಮೇಜಿನ ಮುಂದೆ ಸ್ಟೂಲಿತ್ತು, ಅದರ ಮೇಲೆ ಅವನು ಕೂತಿದ್ದ. ಅಷ್ಟೇ.

"ಅಕ್ಕಾ," ಅಂದ. ಕಿವಿ ಬಿಸಿಯಾಗಿತ್ತು. "ನೆಲ ನಿಜವಾಗ್ಲೂ ಡೊಂಕು. ಡೊಂಕು ನೆಲ ಕೊಟ್ಟೋನು ನಾನೇ."

ವಿವರಿಸಿದ. ಅಕ್ಕ ಕೇಳುತ್ತಾ ಕೇಳುತ್ತಾ ಸ್ಟೂಲಿನ ಮೇಲೆ ಕುಸಿದು ಕೂತಳು.

"ಹಾಗಾದ್ರೆ ಕೈ ಕೆಟ್ಟಿಲ್ಲ ಅಂತೀಯಾ?"

"ಕೈ ಕೂಲಿ ಮಾಡ್ತಿತ್ತು, ಅಷ್ಟೇ. ಕೆಟ್ಟಿದ್ದು ನನ್ನ ಲೆಕ್ಕ."

"ಅಯ್ಯೋ ಗೂಬೆ," ಎಂದಳು ಅಕ್ಕ. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಆ ಹಳೇ ಕಾವು ಇತ್ತು. "ಮೂರು ವಾರ ಮೂಲಿಕೆ ಎಣ್ಣೆ ತಿಕ್ಕೊಂಡು ಮಲಗಿದೀನಲ್ಲೋ ನಾನು!"

ಯಜಮಾನರು ಮುಂದಿನಿಂದ ತಲೆ ಹಾಕಿದರು. "ಏನಪ್ಪಾ ಗಲಾಟೆ?"

"ಸರ್, ನಾನು ಹನ್ನೊಂದು ವರ್ಷ ಎಲ್ಲ ಗಿಟಾರನ್ನೂ ಕೂತ್ಕೊಂಡೇ ನೋಡಿದೀನಿ. ನುಡಿಸೋರು ನಿಂತಿರ್ತಾರೆ."

ಯಜಮಾನರು ಹಿಂದೆ ತಿರುಗಿ ಅಂಗಡಿಯ ಕಡೆ ನೋಡಿದರು. "ಮೆಲ್ಲಗೆ ಹೇಳಪ್ಪಾ, ಮುಂದೆ ಗಿರಾಕಿ ಇದಾರೆ. ಅವರೂ ನಿಂತಿದಾರೆ."

ಅಂಗಡಿಯಲ್ಲಿ ಅದೇ ಬೆಲೆಯ ಇನ್ನೂ ಮೂರು ಬೇಸುಗಳಿದ್ದವು. ಒಂದೊಂದಕ್ಕೂ ಬೆಲ್ಟ್ ಹಾಕಿ ಅಕ್ಕನ ಹೆಗಲಿಗೇರಿಸಿದ. ಕೆಂಪಿನದು ಕಪ್ಪಿನ ಹಾಗೇ ತಲೆ ವಾಲಿಸಿತು. ಬಿಳಿಯದು ಮೊದಲು ಮರ್ಯಾದೆಯಾಗಿ ನಿಂತು ಆಮೇಲೆ ಮೆಲ್ಲಗೆ ಬಾಗಿತು. ಉಳಿದದ್ದು ಕಂದು ಬಣ್ಣದ್ದು. ಅದಕ್ಕೆ ನೋಟ್‌ಬುಕ್ಕಿನಲ್ಲಿ ನಾಲ್ಕೂವರೆ. "ಭಾರ. ಫ್ರೆಟ್ ತುದಿ ಚೂಪು. ನಾಬ್ ಸದ್ದು. ತಂತಿ ಎತ್ತರ. ಬಣ್ಣ ದೇವರಿಗೇ ಪ್ರೀತಿ."

"ಇದೇನೋ ಇದು, ಇಸ್ತ್ರಿ ಮರೆತು ಸುಟ್ಟ ಕಲೆ ಇದ್ದ ಹಾಗಿದೆ. ಈ ಬಣ್ಣ ಕಂಡ್ರೆ ನಮ್ಮಲ್ಲಿ ಸಂಬಳ ಹಿಡೀತಾರೆ."

"ಕೈ ಬಿಡಕ್ಕ."

ಬಿಟ್ಟಳು. ಕಂದು ಬೇಸು ತಕ್ಕಡಿಯ ದಂಡದಂತೆ ಅಡ್ಡಲಾಗಿ ನಿಂತಿತು. ಅಕ್ಕ ಎರಡೂ ಕೈ ಮೇಲೆತ್ತಿ, ಸೊಂಟ ಆಚೆ ಈಚೆ ತಿರುಗಿಸಿ ನೋಡಿದಳು. ಅದು ಅವಳ ಜೊತೆಗೇ ತಿರುಗಿತೇ ಹೊರತು ಜಗ್ಗಲಿಲ್ಲ.

ಅವನು ಒಂದೊಂದೇ ದೋಷವನ್ನು ಮನಸ್ಸಿನಲ್ಲಿ ಬೇರೆ ಬೇರೆ ಇಟ್ಟ. ಚೂಪು ತುದಿ ಅರದಿಂದ ಉಜ್ಜಿದರೆ ಹೋಗುತ್ತದೆ. ನಾಬಿನ ಸದ್ದು ಒಂದು ಹನಿ ಕ್ಲೀನರಿನಿಂದ ಹೋಗುತ್ತದೆ. ತಂತಿಯ ಎತ್ತರ ಒಂದು ಸ್ಕ್ರೂ ತಿರುಗಿಸುವ ಮಾತು. ತೂಕ ಎಲ್ಲಿ ಕೂತಿದೆ ಎನ್ನುವುದು ಮಾತ್ರ ಮರ ಕತ್ತರಿಸಿದ ದಿನವೇ ನಿರ್ಧಾರವಾದದ್ದು, ಅದನ್ನು ಯಾವ ಅರವೂ ಮುಟ್ಟಲಾರದು. ಹೋಗುವ ದೋಷಕ್ಕೆಲ್ಲ ಅಂಕ ಕಳೆದು ಹೋಗದ ದೋಷಕ್ಕೆ ಭೇಷ್ ಅಂದಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಸಂಜೆವರೆಗೆ ಇಬ್ಬರೂ ಸೇರಿ ಅದನ್ನು ಸರಿಮಾಡಿದರು. ಅವನು ಫ್ರೆಟ್ ತುದಿಗಳನ್ನು ಒಂದೊಂದಾಗಿ ಉಜ್ಜಿ, ಬೆರಳಾಡಿಸಿ, "ಆಯ್ತು" ಎಂದ. ಅಕ್ಕ ತನ್ನ ಕೈಚೀಲದಿಂದ ನೈಲಾನ್ ಬಟ್ಟೆಯ ಚೂರೊಂದನ್ನು ತೆಗೆದು ಕತ್ತಿನ ಅಂಚಿನಲ್ಲಿ ಎಳೆದಳು. ಏಳನೆಯ ಫ್ರೆಟ್ಟಿನ ಹತ್ತಿರ ಬಟ್ಟೆ ಸಿಕ್ಕಿಕೊಂಡಿತು.

"ಆಗಿಲ್ಲ."

"ಇದೆಲ್ಲಿ ಕಲಿತೆ?"

"ಮೇಜಿಗೆ ಸಿಬಿರು ಎದ್ದಿದ್ರೆ ಹಾಸು ಹರಿಯುತ್ತಲ್ಲ, ದಿನಾ ಬೆಳಗ್ಗೆ ಹೀಗೇ ನೋಡೋದು. ನಮ್ಮ ಬೆರಳನ್ನ ನಂಬಬಾರದು. ಇಸ್ತ್ರಿ ಬಿಸಿಗೆ ಕಾದು ಕಾದು ಅದಕ್ಕೆ ಚುಚ್ಚೋದೇ ಗೊತ್ತಾಗಲ್ಲ." ಮತ್ತೆ ಎಳೆದಳು. "ಹದಿನೊಂದರಲ್ಲೂ ಇದೆ. ಇನ್ನೊಮ್ಮೆ ಉಜ್ಜು."

ಮುಂದಿನ ಅಂಗಡಿಯಿಂದ ಯಜಮಾನರು ನಕ್ಕದ್ದು ಕೇಳಿಸಿತು.

ಹೊರಡುವಾಗ ಅವನು ಅವಳಿಗೆ ಸುಳ್ಳು ಧೈರ್ಯ ಹೇಳಲಾರದೆ ಬಾಗಿಲಲ್ಲೇ ನಿಂತ. "ಅಕ್ಕ, ಬೇಸ್ ಸರಿಯಿದೆ. ಆದ್ರೆ ಮೂರು ವಾರದ ನೋವು ಎರಡು ದಿನದಲ್ಲಿ ಇಳಿಯುತ್ತೋ ಇಲ್ವೋ, ನನಗೆ ಗೊತ್ತಿಲ್ಲ. ನಾಳೆ ಮುಟ್ಟಬೇಡ. ಶನಿವಾರ ನಾನೂ ಬರಲಾ?"

"ಬೇಡಪ್ಪ ಮಾರಾಯ. ನಿನ್ನ ಮುಖ ನೋಡಿದ್ರೆ ಪರೀಕ್ಷೆ ಬರೆಯೋಕೆ ಬಂದಂಗಾಗುತ್ತೆ. ನಾನೇ ಫೋನ್ ಮಾಡ್ತೀನಿ."

ಶನಿವಾರ ಪ್ರಾಕ್ಟೀಸು ಮೂರು ಗಂಟೆಗೆ. ಮೂರೂವರೆಗೆ ಫೋನ್ ಬರಲಿಲ್ಲ. ನಾಲ್ಕಕ್ಕೂ ಇಲ್ಲ. ಹತ್ತು ನಿಮಿಷಕ್ಕೇ ಕೈ ಸೋತು ಮನೆಗೆ ಹೋಗಿರಬೇಕು, ಹೇಳಲು ಮನಸ್ಸಾಗದೆ ಸುಮ್ಮನಿದ್ದಾಳೆ ಎಂದುಕೊಂಡ. ತಾನು ನೋಡದೆ ಬಿಟ್ಟ ಮತ್ತೇನಾದರೂ ಇದೆಯೇ? ಬೆಲ್ಟಿನ ಗುಂಡಿಯ ಸ್ಕ್ರೂ ಬಿಗಿ ಮಾಡಿದ್ದು ನೆನಪಿತ್ತು. ನಿಜವಾಗಿ ನೆನಪಿತ್ತೇ? ಯಜಮಾನರು ಎರಡು ಸಲ ಬಂದು ಅವನ ಮುಖ ನೋಡಿ ಹೋದರು. ಎರಡನೆಯ ಸಲ ಒಂದು ಲೋಟ ಚಹಾ ಇಟ್ಟು ಹೋದರು.

ಐದಕ್ಕೆ ಐದು ನಿಮಿಷವಿರುವಾಗ ಫೋನ್ ಬಂತು.

"ಲೋ, ಈ ಡ್ರಮ್ಮಿನವಳು ತಾಳ ಬಿಟ್ಟು ಓಡ್ತಾಳೆ ಕಣೋ!" ಎಂದಳು ಅಕ್ಕ, ಎತ್ತಿದ ಕೂಡಲೇ. ಹಿಂದೆ ನಾಲ್ಕಾರು ಜನರ ಗದ್ದಲ. "ಶುರುವಲ್ಲಿ ಸರಿಯಾಗೇ ಇರ್ತಾಳೆ, ಪಲ್ಲವಿ ಬಂದ ತಕ್ಷಣ ಬೆಂಕಿ ಬಿದ್ದಂಗೆ ಓಡ್ತಾಳೆ. ನಾನು ಜಗ್ಗಿ ಜಗ್ಗಿ ನಿಲ್ಲಿಸಬೇಕು. ಬಾಯ್ಲರ್ ಬಿಸಿ ಏರಿದಂಗೆ ಏರ್ತೀಯಲ್ಲೇ ಅಂದೆ, ಮುಖ ಊದಿಸಿಕೊಂಡಿದಾಳೆ. ಡ್ರೈವರ್ ಅಂತೂ ತಂತಿ ನೋಡ್ಕೊಂಡೇ ನುಡಿಸ್ತಾನೆ, ಯಾರ ಮುಖನೂ ನೋಡಲ್ಲ. ಇವರನ್ನೆಲ್ಲ ಇಟ್ಕೊಂಡು ಮುಂದಿನ ತಿಂಗಳು ನಾನು ಏನ್ಮಾಡ್ಲಿ ಹೇಳು?"

ಮುಂದಿನ ತಿಂಗಳು. ಅವನು ಮೇಜಿನ ಅಂಚು ಹಿಡಿದುಕೊಂಡ.

"ಅಕ್ಕ, ಕೈ?"

"ಯಾವ ಕೈ?" ಎಂದಳು ಅಕ್ಕ. ಆಮೇಲೆ ಫೋನಿನಿಂದ ಮುಖ ತಿರುಗಿಸಿ ಯಾರಿಗೋ ಕೂಗಿದಳು: "ಬಂದೆ, ಬಂದೆ! ನಾನು ಬರೋವರೆಗೆ ಶುರು ಮಾಡಬೇಡಿ!"